ಸಂಕ್ರಾಂತಿ ತಪ್ಪಿದರೂ ಗವಿಗೆ ಬಿಸಿಲು ಬರುತ್ತದೆ

ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಐದೂಕಾಲರ ಆಸುಪಾಸಿಗೆ ಇಳಿಬಿಸಿಲು ಹೊರಗಿನ ಕಮಾನನ್ನು ಹಾದು, ನಂದಿಯ ಕೊಂಬುಗಳ ನಡುವೆ ನುಸುಳಿ, ಗವಿ ಗಂಗಾಧರೇಶ್ವರನ ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷ, ಮುಗಿಯಿತು. ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡುವುದು ಹೊರಗೆ ಹಾಕಿದ ಪರದೆಯ ಮೇಲೆ. ವರ್ಷಕ್ಕೆ ಇದೊಂದೇ ಸಂಜೆ ಎಂದುಕೊಂಡು ಇಷ್ಟು ಜನ ಸೇರುತ್ತಾರೆ. ನಿಜವಾಗಿ ಈ ಬೆಳಕಿಗೆ ಇನ್ನೂ ಹಲವು ಸಂಜೆಗಳಿವೆ.

ಗುಡಿಯ ಕಿಂಡಿ ಕದಲುವುದಿಲ್ಲ, ಸೂರ್ಯ ಕದಲುತ್ತಾನೆ. ಜನವರಿ ಮಧ್ಯದಲ್ಲಿ ಅವನು ನೇರ ಪಶ್ಚಿಮಕ್ಕಿಂತ ಸುಮಾರು 22 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ. ಸಂಜೆ ಕೆಳಗಿಳಿದಂತೆಲ್ಲ ಕಿರಣ ಓರೆಯಾಗಿ ಗವಿಯ ಆಳಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ಸೂರ್ಯ ಉತ್ತರಕ್ಕೆ ಸರಿಯುವುದು ದಿನಕ್ಕೆ ಡಿಗ್ರಿಯ ಆರನೇ ಒಂದು ಭಾಗದಷ್ಟು ಮಾತ್ರ. ಬಿಂಬದ ಅಗಲವೇ ಅರ್ಧ ಡಿಗ್ರಿ ಇರುವುದರಿಂದ ತನ್ನ ಅಗಲದಷ್ಟು ಸರಿಯಲು ಅವನಿಗೆ ಮೂರು ದಿನ ಬೇಕು. ಹಾಗಾಗಿ ಹಬ್ಬದ ಹಿಂದುಮುಂದಿನ ದಿನಗಳಲ್ಲೂ ಬೆಳಕು ಲಿಂಗವನ್ನು ತಪ್ಪುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೊಗಸು. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುವ ಸೂರ್ಯ, ಹೋಗುವಾಗ ಹಾದ ಜಾಗವನ್ನೇ ಬರುವಾಗಲೂ ಹಾಯಬೇಕು. ಜನವರಿ 14 ಆ ತಿರುವಿನಿಂದ 24 ದಿನ ಆಚೆ. ಅಷ್ಟೇ ದಿನ ಈಚೆ ಎಣಿಸಿದರೆ ನವೆಂಬರ್ ಕೊನೆ. ಜವಾಹರಲಾಲ್ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನೇ ದಾಖಲಿಸಿದರು: ಜನವರಿ 13ರಿಂದ 16, ಮತ್ತೆ ನವೆಂಬರ್ 26ರಿಂದ ಡಿಸೆಂಬರ್ 2.

ನಾನಾದರೆ ನವೆಂಬರಿನಲ್ಲೇ ಹೋಗಿ ಎನ್ನುತ್ತೇನೆ. ಸಂಕ್ರಾಂತಿಯ ನೂಕುನುಗ್ಗಲು ಇರುವುದಿಲ್ಲ, ಒಂದು ಕಡೆ ನಿಂತು ಕಣ್ಣಾರೆ ನೋಡುವ ಅವಕಾಶ ಹೆಚ್ಚು. ಆಗ ಸೂರ್ಯಾಸ್ತ ಜನವರಿಗಿಂತ ಸುಮಾರು 20 ನಿಮಿಷ ಮುಂಚೆ. ಬೆಳಕೂ ಅಷ್ಟು ಬೇಗ ಬರುತ್ತದೆ. ನಾಲ್ಕೂವರೆಗೇ ಅಲ್ಲಿರಿ. ಒಂದೇ ತೊಡಕು, ಹಿಂಗಾರಿನ ಮೋಡ. ಆಕಾಶ ಮುಚ್ಚಿದ್ದರೆ ಮರುದಿನ ಮತ್ತೆ ಹೋಗಬಹುದು. ಹಬ್ಬವನ್ನೇ ನೆಚ್ಚಿಕೊಂಡವರಿಗೆ ಆ ಅನುಕೂಲವಿಲ್ಲ.

ಹಾಗಾದರೆ ಕಟ್ಟಿದವರು ಸಂಕ್ರಾಂತಿಯನ್ನೇ ಲೆಕ್ಕ ಹಾಕಿದ್ದರೆ? ಅಷ್ಟು ಸುಲಭವಾಗಿ ಹೌದೆನ್ನಲಾಗದು. ಅಯನ ಚಲನೆಯಿಂದ ನಮ್ಮ ಸಂಕ್ರಾಂತಿ 72 ವರ್ಷಕ್ಕೊಂದು ದಿನದಂತೆ ಸೂರ್ಯ ತಿರುಗುವ ದಿನದಿಂದ ದೂರ ಸರಿಯುತ್ತಿದೆ. ಐನೂರು ವರ್ಷಗಳ ಹಿಂದಿನ ಸಂಕ್ರಾಂತಿಯಂದು ಸೂರ್ಯ ಈಗಿಗಿಂತ ಒಂದು ಡಿಗ್ರಿಯಷ್ಟು ದಕ್ಷಿಣದಲ್ಲಿದ್ದ. ಗುಡಿಯೂ ಬದಲಾಗಿದೆ: 1792ರಲ್ಲಿ ಬೆಂಗಳೂರಿಗೆ ಬಂದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬಿಡಿಸಿದ ಚಿತ್ರಗಳಲ್ಲಿ ಈಗಿನಷ್ಟು ಕಟ್ಟಡಗಳಿಲ್ಲ. ಅವನ್ನು ಹೋಲಿಸಿ ನೋಡಿದ ಸಂಶೋಧಕರು, ಮೊದಲು ಬೆಳಕು ಬೀಳುತ್ತಿದ್ದುದು ಸೂರ್ಯ ದಿಕ್ಕು ಬದಲಿಸುವ ದಿನಗಳಲ್ಲಿ ಎಂದು ಅಂದಾಜು ಮಾಡಿದ್ದಾರೆ. ಗುಡಿಯ ಸುತ್ತ ಹೊಸ ಮಹಡಿಗಳು ಏಳುವಾಗ ಇದನ್ನು ನೆನಪಿಡಲೇಬೇಕು. ಪಶ್ಚಿಮದ ಆಕಾಶದ ಆ ಒಂದು ತುಂಡು ಮುಚ್ಚಿದರೆ ಎಲ್ಲವೂ ಮುಗಿದಂತೆ.

ಬೆಳಕಿಗೆ ಕಾಯುವಾಗ ಅಂಗಳದ ಸೂರ್ಯಪಾನ, ಚಂದ್ರಪಾನ ಎಂಬ ಎರಡು ಭಾರಿ ಕಲ್ಲಿನ ಬಿಲ್ಲೆಗಳನ್ನು ನೋಡಿ. ಪಕ್ಕದಲ್ಲೇ ಕಲ್ಲಿನ ತ್ರಿಶೂಲ, ಡಮರುಗ. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿಯ ಮೂರ್ತಿ ಇದೆ. ಲಿಂಗದ ಪ್ರದಕ್ಷಿಣೆಗೆ ಬಂಡೆಯಡಿ ಬಗ್ಗಿಕೊಂಡೇ ಹೋಗಬೇಕು. ಮಂಡಿನೋವಿನವರು ಮೊದಲೇ ಯೋಚಿಸುವುದು ಒಳ್ಳೆಯದು. ಮೆಟ್ರೊದಲ್ಲಿ ಬರುವವರು ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬಹುದು.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೂ ಇದೇ ಓಡಾಟಕ್ಕೆ ಸೇರಿಸಿಕೊಳ್ಳಬೇಕೆಂದರೆ ಪಂಚಾಂಗ ನೋಡಿ ಹೊರಡಿ. ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ, ಅಂದರೆ ಚಂದ್ರನ ಲೆಕ್ಕಕ್ಕೆ ಸೇರಿದ್ದು. ಗವಿಯ ಬೆಳಕು ಸೂರ್ಯನ ಲೆಕ್ಕದ್ದು. 2024ರಲ್ಲಿ ಆ ಸೋಮವಾರ ನವೆಂಬರ್ 25ಕ್ಕೆ ಬಂದಿತ್ತು, ಗವಿಯ ಬೆಳಕಿನ ದಿನಗಳಿಗೆ ಮುನ್ನಾದಿನ. ಹಿಂದಿನ ವರ್ಷ ಡಿಸೆಂಬರ್ 11ರವರೆಗೂ ಹೋಗಿತ್ತು.