ಹಳೆಯ ಗಾಡಿಯ ಕಡೆಗೀಲು

ನಮ್ಮ ಹಿರಿಯರ ಮನೆಗಳಲ್ಲಿ ಎತ್ತಿನ ಬಂಡಿಯಿದ್ದ ಕಾಲದಲ್ಲಿ ಅದರ ನಿತ್ಯದ ಆರೈಕೆಯನ್ನು ಯಾರೂ ಪರರಿಗೆ ವಹಿಸುತ್ತಿರಲಿಲ್ಲ. ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡೆಗೀಲು ಭದ್ರವಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು ಮನೆಯ ಯಜಮಾನನ ಕೆಲಸವಾಗಿತ್ತು. ಗಾಲಿಯ ಹಳಿ ಸಡಿಲಗೊಂಡರೆ ಕಮ್ಮಾರನಲ್ಲಿಗೆ, ಅರೆಕಾಲು ಮುರಿದರೆ ಬಡಗಿಯಲ್ಲಿಗೆ ಹೋಗುತ್ತಿದ್ದರು. ತಾನು ಮಾಡಬೇಕಾದುದು ಯಾವುದು, ಬಲ್ಲವನ ಕೈಗೆ ಒಪ್ಪಿಸಬೇಕಾದುದು ಯಾವುದು ಎಂಬ ವಿವೇಕ ಅವರಲ್ಲಿತ್ತು. ಜೇಡರ ದಾಸಿಮಯ್ಯನವರು ದೇಹವನ್ನು ಬಂಡಿಗೂ ಶರಣರ ನುಡಿಯನ್ನು ಕಡೆಗೀಲಿಗೂ ಹೋಲಿಸಿದಾಗ, ಕೇಳಿದವರಿಗೆ ವ್ಯಾಖ್ಯಾನ ಬೇಕಾಗಿರಲಿಲ್ಲ. ಬೆರಳಿನಷ್ಟು ಕೀಲು ಕಳಚಿದರೆ ಹೇರು ಸಮೇತ ಬಂಡಿ ಉರುಳುವುದನ್ನು ಅವರು ಕಣ್ಣಾರೆ ಕಂಡವರು.

ಇಂದು ಬಂಡಿಯ ಸ್ಥಾನದಲ್ಲಿ ಪಿಕಪ್ ಗಾಡಿ ನಿಂತಿದೆ. ಇಂದಿರಾನಗರವೆಂದರೆ ನೂರಡಿ ರಸ್ತೆಯ ಹೊಳೆಯುವ ಮಳಿಗೆಗಳು ಎಂದೇ ಹೊರಗಿನವರು ಭಾವಿಸುತ್ತಾರೆ. ಬಿನ್ನಮಂಗಲ, ದೂಪನಹಳ್ಳಿ, ಮೋಟಪ್ಪನಪಾಳ್ಯ, ಕೋಡಿಹಳ್ಳಿಗಳ ಓಣಿಗಳನ್ನು ಬೆಳಗಿನ ನಾಲ್ಕು ಗಂಟೆಗೆ ಕಂಡವರಿಗೆ ಬೇರೆಯೇ ಚಿತ್ರ ದೊರೆಯುತ್ತದೆ. ತರಕಾರಿ, ಹೂವು, ಹಾಲು, ಮದುವೆಯ ಪಾತ್ರೆ, ಶಾಮಿಯಾನದ ಕಂಬಗಳನ್ನು ಹೊರುವ ಹಳೆಯ ಗಾಡಿಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಟಾಟಾ ಸಂಸ್ಥೆಯು 1986ರಲ್ಲಿ 407 ಎಂಬ ಸಣ್ಣ ಲಾರಿಯನ್ನೂ 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ಪನ್ನೂ ಹೊರತಂದಿತು. ಅದೇ ವಂಶದ 207 ಗಾಡಿಗಳು ಮೂರು ನಾಲ್ಕು ಲಕ್ಷ ಕಿಲೋಮೀಟರ್ ಓಡಿ ಇನ್ನೂ ಅನ್ನ ದುಡಿಯುತ್ತಿವೆ. ಇಂತಹ ಒಂದೇ ಗಾಡಿಯ ಮೇಲೆ ಮಕ್ಕಳ ಶಾಲೆಯ ಶುಲ್ಕ, ಮನೆಯ ಬಾಡಿಗೆ, ಹಬ್ಬ ಹರಿದಿನಗಳೆಲ್ಲ ನಿಂತಿರುವ ಕುಟುಂಬಗಳು ನಮ್ಮ ಸಮಾಜದಲ್ಲಿ ಕಡಿಮೆಯೇನಿಲ್ಲ. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ದುರಸ್ತಿಯ ವೆಚ್ಚ ಒಂದು ಕಡೆ, ದುಡಿಮೆ ನಿಂತ ನಷ್ಟ ಇನ್ನೊಂದು ಕಡೆ. ಆದಕಾರಣ ಮನೆಯವರೇ ಮಾಡಬಹುದಾದ ಆರೈಕೆಯ ಬಗ್ಗೆ ಕೆಲವು ಮಾತುಗಳನ್ನು ಇಲ್ಲಿ ಬರೆಯಲಾಗಿದೆ.

ಈ ಭಾಗಕ್ಕೆ ದುರಸ್ತಿಯ ಕಾಯಕ ಹೊಸದಲ್ಲ. 1940ರಲ್ಲಿ ಪ್ರಾರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನೆಯ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕೇಂದ್ರವಾಗಿತ್ತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಇಂದಿಗೂ ಇಂದಿರಾನಗರದ ಬೀದಿಗಳಲ್ಲಿದ್ದಾರೆ. ವಿಮಾನದ ಯಾವ ಭಾಗವನ್ನು ಯಾವ ದಿನ ಯಾರು ಬಿಚ್ಚಿದರು, ಯಾರು ಜೋಡಿಸಿದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡದೆ ವಿಮಾನ ಮೇಲೇರುವಂತಿಲ್ಲ. ನಮಗೆ ಪರಿಚಿತರಾದ ಶರಣರೊಬ್ಬರ ತಂದೆ ಅಲ್ಲಿ ಕೆಲಸದಲ್ಲಿದ್ದವರು. ಮಗನು 2006ರಲ್ಲಿ ಕೊಂಡ 207 ಗಾಡಿಗೆ ಅವರು ಮೊದಲು ಕೊಡಿಸಿದ್ದು ಸಂಗೀತದ ಪೆಟ್ಟಿಗೆಯನ್ನಲ್ಲ, ಗಟ್ಟಿ ರಟ್ಟಿನ ಒಂದು ಲೆಕ್ಕದ ಪುಸ್ತಕವನ್ನು. ಆಯಿಲ್ ಬದಲಿಸಿದ ದಿನ, ಆಗ ಓಡಿದ್ದ ಕಿಲೋಮೀಟರ್, ಟೈರು ಬಂದ ದಿನ, ಬ್ಯಾಟರಿ ಬಂದ ದಿನ ಎಲ್ಲವೂ ಅದರಲ್ಲಿವೆ. ಗಾಡಿ ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಆ ಶರಣರು ನಮ್ಮೊಡನೆ ಹೇಳಿದ ಮಾತು ಇಷ್ಟೆ: "ಶಾಸ್ತ್ರಿಗಳೇ, ಗಾಡಿ ತಾನೇ ಮಾತಾಡುತ್ತೆ. ನಾವು ರೇಡಿಯೋ ಆರಿಸಿ ಕೇಳಬೇಕು."

ಆ ಮಾತನ್ನು ಕೇಳುವ ಸಮಯ ಪ್ರಾತಃಕಾಲ. ಇಂಜಿನ್ ತಣ್ಣಗಿರುವಾಗ, ಗಾಡಿ ಸಮತಟ್ಟಾದ ನೆಲದಲ್ಲಿರುವಾಗ ಮೊದಲು ನೋಡಬೇಕಾದುದು ಗಾಡಿಯನ್ನಲ್ಲ, ಅದರ ಕೆಳಗಿನ ನೆಲವನ್ನು. ರಾತ್ರಿ ಗಾಡಿಯ ಅಡಿಗೆ ಹಳೆಯ ರಟ್ಟೊಂದನ್ನು ಹಾಸಿದರೆ ಬೆಳಿಗ್ಗೆ ಅದೇ ವರದಿ ಕೊಡುತ್ತದೆ. ಕಪ್ಪು ಜಿಡ್ಡಿನ ಕಲೆಯಾದರೆ ಇಂಜಿನ್ ಆಯಿಲ್. ಹಸಿರು ಅಥವಾ ಕೆಂಪು ಬಣ್ಣದ ತೆಳು ದ್ರವವಾದರೆ ರೇಡಿಯೇಟರಿನ ಕೂಲೆಂಟ್. ಗಾಲಿಯ ಒಳಬದಿಯಲ್ಲಿ ನಸುಹಳದಿ ಬಣ್ಣದ ಜಾರು ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು; ಆ ದಿನ ಗಾಡಿ ಹೊರಡಕೂಡದು.

ಆಮೇಲೆ ಆಯಿಲ್ ಕಡ್ಡಿ. ಅದನ್ನು ಎಳೆದು ಬಟ್ಟೆಯಿಂದ ಒರೆಸಿ ಮತ್ತೆ ಪೂರ್ತಿ ಇಳಿಸಿ ತೆಗೆಯಬೇಕು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರಿ ತುಂಬಿಸುವುದು ಔದಾರ್ಯವಲ್ಲ, ಅದರಿಂದ ಸೀಲುಗಳಿಗೆ ಹಾನಿ. ಡೀಸೆಲ್ ಇಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಆಯಿಲಿನೊಳಗೆ ಸೇರಿದೆ ಎಂದರ್ಥ. ಆಗ ಇಂಜಿನ್ ಚಾಲೂ ಮಾಡದೆ ಬಲ್ಲವರನ್ನು ಕರೆಸುವುದೇ ಕ್ಷೇಮ.

ರೇಡಿಯೇಟರಿನ ವಿಷಯದಲ್ಲಿ ನಮ್ಮವರು ತೋರುವ ಅನಾದರವು ಆಶ್ಚರ್ಯಕರವಾದುದು. ಕುಡಿಯಲು ಶೋಧಿಸಿದ ನೀರು ಬೇಕೆನ್ನುವವರು ಗಾಡಿಗೆ ಬೋರ್‌ವೆಲ್ಲಿನ ಗಡಸು ನೀರನ್ನು ಸುರಿಯುತ್ತಾರೆ. ಸ್ನಾನದ ಮನೆಯ ಬಿಸಿನೀರಿನ ಪಾತ್ರೆಯಲ್ಲಿ ಕಟ್ಟುವ ಬಿಳಿಯ ಪಕ್ಕು ಇಂಜಿನ್ನಿನ ಒಳದಾರಿಗಳಲ್ಲಿಯೂ ಕಟ್ಟುತ್ತದೆ. ಹೆಬ್ಬಾಳದ ಮೇಲುಸೇತುವೆಯ ಏರಿನಲ್ಲಿ ಹೊಗೆಯಾಡುತ್ತ ನಿಂತ ಗಾಡಿಗಳ ಕಥೆ ಬಹುಮಟ್ಟಿಗೆ ಇದೇ. ಡಿಸ್ಟಿಲ್ಡ್ ನೀರಿನಲ್ಲಿ ಕೂಲೆಂಟನ್ನು ಗಾಡಿಯ ಕೈಪಿಡಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಅವಸರದಲ್ಲಿಯೂ ತೆರೆಯಬಾರದು; ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಪ್ರತಿದಿನವೂ ನೀರು ಕಡಿಮೆಯಾಗುತ್ತಿದ್ದರೆ ಸುರಿಯುತ್ತ ಹೋಗದೆ ಸೋರಿಕೆಯನ್ನು ಹುಡುಕಬೇಕು. ಹೋಸ್ ಪೈಪುಗಳನ್ನು ತಣ್ಣಗಿರುವಾಗ ಹಿಸುಕಿ ನೋಡಿದರೆ ಬಿರುಕು, ಉಬ್ಬು ಕೈಗೇ ತಿಳಿಯುತ್ತವೆ. ಫ್ಯಾನ್ ಬೆಲ್ಟನ್ನು ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ಬಾಗಿದರೆ ಸಾಕು.

ಹೊಗೆಯೂ ಒಂದು ಭಾಷೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದಾಗಿದೆ. ಮೊದಲು ಏರ್ ಫಿಲ್ಟರನ್ನು ನೋಡಬೇಕು. ಕಾಮಗಾರಿ ಎಂದೂ ಮುಗಿಯದ ನಮ್ಮ ರಸ್ತೆಗಳ ದೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ನೆಲಕ್ಕೆ ಬಡಿದು ಕೊಡವಿದರೆ ಕಾಗದ ಹರಿದು ದೂಳು ನೇರವಾಗಿ ಇಂಜಿನ್ನಿಗೆ ಹೋಗುತ್ತದೆ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಬೇಕು, ಹರಿದಿದ್ದರೆ ಹೊಸದನ್ನೇ ಹಾಕಬೇಕು. ನೀಲಿ ಹೊಗೆಯಾದರೆ ಇಂಜಿನ್ ಆಯಿಲನ್ನು ಸುಡುತ್ತಿದೆ. ಬಿಳಿಯ ಹೊಗೆ ಚಳಿಯ ಮುಂಜಾನೆ ಕ್ಷಣಕಾಲ ಬಂದರೆ ದೋಷವಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ದೋಷ.

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸೇರುತ್ತದೆ. ಅಲ್ಲಿರುವ ತಿರುಪನ್ನು ಸಡಿಲಿಸಿ, ಸಣ್ಣ ಬಟ್ಟಲನ್ನು ಹಿಡಿದು, ಶುದ್ಧ ಡೀಸೆಲ್ ಬರುವವರೆಗೆ ಬಿಡಬೇಕು. ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ನಿಂತು ಗಾಡಿ ಚಾಲೂ ಆಗುವುದಿಲ್ಲ. ಅನೇಕರು ಆಗ ಬ್ಯಾಟರಿ ಬರಿದಾಗುವವರೆಗೆ ಕೀಲಿ ತಿರುಗಿಸುತ್ತಾರೆ. ಹಳೆಯ ಮಾದರಿಯ ಗಾಡಿಯಲ್ಲಿ ಕೈಪಂಪು ಇದ್ದೇ ಇರುತ್ತದೆ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಪಂಪನ್ನು ಒತ್ತುತ್ತ, ಗುಳ್ಳೆಗಳು ನಿಂತು ಡೀಸೆಲ್ ಒಂದೇ ಧಾರೆಯಾಗಿ ಬಂದಾಗ ತಿರುಪನ್ನು ಬಿಗಿದರೆ ಕೆಲಸ ಮುಗಿಯಿತು. ಒಂದು ಪಾನಾ ಮತ್ತು ಹತ್ತು ನಿಮಿಷದ ಸಮಾಧಾನ, ಬೇಕಾದುದು ಇಷ್ಟೇ. ಅದೇ ಇಂಧನದ ಮುಖ್ಯ ಪಂಪನ್ನಾಗಲಿ ಇಂಜೆಕ್ಟರುಗಳನ್ನಾಗಲಿ ಮನೆಯಲ್ಲಿ ಬಿಚ್ಚತಕ್ಕದ್ದಲ್ಲ.

ಬ್ಯಾಟರಿಯ ತುದಿಗಳಲ್ಲಿ ಕಟ್ಟುವ ಬಿಳಿಯ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾಗಳಿಂದ ತೊಳೆದು ವ್ಯಾಸಲೀನ್ ಸವರಬೇಕು. ಬಿಚ್ಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಗ್ರೀಸ್ ಹೊಡೆಯುವುದು ನಮ್ಮ ಹಿರಿಯರ ಕೀಲೆಣ್ಣೆಯ ಕೆಲಸವೇ. ನಿಪ್ಪಲ್ಲನ್ನು ಮೊದಲು ಒರೆಸಬೇಕು, ಇಲ್ಲವಾದರೆ ಮಣ್ಣನ್ನೇ ಒಳಗೆ ತಳ್ಳಿದಂತಾಗುತ್ತದೆ. ಹಳೆಯ ಗ್ರೀಸ್ ಹೊರಬರುವವರೆಗೆ ಹೊಡೆದು, ಹೊರಬಂದುದನ್ನು ತೆಗೆಯಬೇಕು.

ಹಿಂದಿನ ಕಮಾನು ಪಟ್ಟಿಗಳ ಬಗ್ಗೆ ಒಂದು ಕಠಿಣ ಮಾತು ಹೇಳಲೇಬೇಕಾಗಿದೆ. ಹೆಚ್ಚು ಹೊರಲೆಂದು ಒಂದೆರಡು ಪಟ್ಟಿಗಳನ್ನು ಅಧಿಕವಾಗಿ ಸೇರಿಸುವ ರೂಢಿ ಎಲ್ಲೆಲ್ಲಿಯೂ ಇದೆ. ಪಟ್ಟಿ ಹೆಚ್ಚಿದ ಮಾತ್ರಕ್ಕೆ ಬ್ರೇಕಿನ ಶಕ್ತಿ ಹೆಚ್ಚುವುದಿಲ್ಲ, ಅಚ್ಚು ದಪ್ಪವಾಗುವುದಿಲ್ಲ, ಚಾಸಿಗೆ ಹೊಸ ಬಲ ಬರುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನವರನ್ನು ಹಿಂದಿರುಗಿಸಿ ಕಳುಹಿಸಿದ ಲಕ್ಕಮ್ಮನವರ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಅದೇ ಸಂಜೆ ಒಂದು ಟನ್ನಿನ ಗಾಡಿಗೆ ಎರಡು ಟನ್ ಹೇರಿ, ಆ ಮೂಟೆಗಳ ಮೇಲೆ ಕೂಲಿಯವರನ್ನೂ ಕೂಡಿಸಿ ಕಳುಹಿಸುತ್ತೇವೆ.

ಬ್ರೇಕಿನ ಬಳಿ ಮನೆಯವರ ಕೈ ನಿಲ್ಲಬೇಕು. ಡಬ್ಬಿಯಲ್ಲಿ ದ್ರವದ ಮಟ್ಟ ನೋಡುವುದು, ಪೆಡಲ್ ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗೆ ಇಳಿಯುತ್ತಿದೆಯೇ ಎಂದು ಪರೀಕ್ಷಿಸುವುದು, ಇಷ್ಟು ನಮ್ಮದು. ಇಳಿದರೆ ಗಾಡಿಯನ್ನು ನಿಲ್ಲಿಸಿ ಮೆಕ್ಯಾನಿಕ್ಕನ್ನೇ ಕರೆಸಬೇಕು. ಬ್ರೇಕ್ ದ್ರವವು ಗಾಳಿಯಲ್ಲಿನ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಅದರ ಬದಲು ಇಂಜಿನ್ ಆಯಿಲನ್ನು ಒಂದು ಹನಿ ಹಾಕಿದರೂ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಟೈರಿನ ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನೂ ಒಪ್ಪುವುದಿಲ್ಲ. ರಿಸೋಲ್ ಟೈರನ್ನು ಮುಂದಿನ ಗಾಲಿಗೆ ಹಾಕಬಾರದೆಂಬುದು ನಮ್ಮ ಅಭಿಪ್ರಾಯ.

ಜಾಕಿಯ ವಿಷಯ ಪ್ರಾಣದ ವಿಷಯ. ಜಾಕಿ ಇರುವುದು ಗಾಡಿಯನ್ನು ಎತ್ತಲು, ಎತ್ತಿ ಹಿಡಿಯಲು ಅಲ್ಲ. ಇಳಿಜಾರಿನಲ್ಲಿ ಎತ್ತಬಾರದು. ನೆಲದಲ್ಲಿರುವ ಗಾಲಿಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಎತ್ತಿದ ಕಡೆ ಕಬ್ಬಿಣದ ಸ್ಟ್ಯಾಂಡನ್ನು ಇಟ್ಟ ಮೇಲೆಯೇ ಕೆಳಗೆ ನುಸುಳಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಭಾರಕ್ಕೆ ಒಮ್ಮೆಲೇ ಸೀಳುತ್ತವೆ. ಆಯುಧಪೂಜೆಯಂದು ನಿಂಬೆಹಣ್ಣಿನ ಮೇಲೆ ಗಾಲಿ ಹರಿಸುವ ನಾವು ಆ ಸ್ಟ್ಯಾಂಡಿಗೆ ಹಣ ವೆಚ್ಚ ಮಾಡಲು ಹಿಂಜರಿಯುವುದೇಕೋ ತಿಳಿಯದು.

ಬಿಡಿಭಾಗಗಳಿಗೆ ನಮ್ಮವರಿಗೆ ಜೆ.ಸಿ. ರಸ್ತೆಯೂ ಉಂಟು, ಶಿವಾಜಿನಗರದ ಗುಜರಿಯೂ ಉಂಟು. ಬಾಗಿಲ ಹಿಡಿ, ಗಾಜು, ಕನ್ನಡಿ, ಆಸನದ ಚೌಕಟ್ಟುಗಳನ್ನು ಗುಜರಿಯಲ್ಲಿ ಧಾರಾಳವಾಗಿ ಕೊಳ್ಳಬಹುದು. ಬ್ರೇಕ್, ಸ್ಟೀರಿಂಗ್, ಬೇರಿಂಗುಗಳಿಗೆ ಸಂಬಂಧಿಸಿದ ಯಾವುದನ್ನೂ ಹಳೆಯದಾಗಿ ಕೊಳ್ಳಬಾರದು. ಹೊಸದನ್ನು ಕೊಂಡಾಗ ರಸೀದಿಯನ್ನು ಆ ಲೆಕ್ಕದ ಪುಸ್ತಕದಲ್ಲಿಯೇ ಅಂಟಿಸಿಡಬೇಕು.

ಬದಲಿಸಿದ ಆಯಿಲನ್ನು ಏನು ಮಾಡುವುದು? ರಾತ್ರಿಯ ಹೊತ್ತು ಮೋರಿಗೆ ಸುರಿಯುವವರನ್ನು ನಾವು ಕಂಡಿದ್ದೇವೆ. ಹಲಸೂರು, ಇಂದಿರಾನಗರಗಳ ರಾಜಕಾಲುವೆಗಳ ನೀರು ಚಲ್ಲಘಟ್ಟದ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಹಿಂದೆ ವಿಮಾನಗಳು ಇಳಿಯುತ್ತಿದ್ದ ಅದೇ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಹತ್ತಿ ಉರಿಯಿತು. ಅದಕ್ಕೆ ಕಾರಣ ಊರಿನ ಚರಂಡಿ, ಕಾರ್ಖಾನೆ, ಕಸ ಎಲ್ಲವೂ ಸೇರಿದ್ದು. ನಮ್ಮ ಐದಾರು ಲೀಟರು ಅದರಲ್ಲಿ ಅಲ್ಪವೆಂದು ಸಮಾಧಾನಪಟ್ಟುಕೊಳ್ಳಲು ಬರುವುದಿಲ್ಲ. ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅಧಿಕೃತ ಮರುಸಂಸ್ಕರಣೆಯವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಬೇಕು.

ಎಷ್ಟು ಆರೈಕೆ ಮಾಡಿದರೂ ಗಾಡಿಗೆ ಒಂದು ಕೊನೆಯುಂಟು. ಸರಕು ಸಾಗಣೆಯ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷವೂ ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಅದನ್ನು ಕಿರುಕುಳವೆಂದು ಬಗೆಯದೆ ವರ್ಷಕ್ಕೊಮ್ಮೆ ದೊರೆಯುವ ವೈದ್ಯಪರೀಕ್ಷೆಯೆಂದು ಬಗೆಯಬಹುದು. ಚಾಸಿಯಲ್ಲಿ ಬಿರುಕು ಬಿಟ್ಟಿದ್ದರೆ, ತುಕ್ಕು ತಿಂದು ತೂತಾಗಿದ್ದರೆ, ಫಿಲ್ಟರ್, ಇಂಜೆಕ್ಟರ್ ಎಲ್ಲ ಸರಿಪಡಿಸಿದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ಮಮತೆಯನ್ನು ಬಿಡಬೇಕು. ಆ ಹೊಗೆಯನ್ನು ಕುಡಿಯುವುದು ಓಣಿಯ ಮಕ್ಕಳು. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನೀತಿಯ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳಿಗೆ ಗಾಡಿಯನ್ನು ಒಪ್ಪಿಸಿದರೆ ಅದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಪಡೆದು, ನೋಂದಣಿಯನ್ನು ಸಾರಿಗೆ ಕಚೇರಿಯಲ್ಲಿ ರದ್ದುಪಡಿಸಿಕೊಳ್ಳಬೇಕು. ಬೀದಿಯ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿ ಕೈತೊಳೆದುಕೊಂಡರೆ ಕಾಗದದಲ್ಲಿ ಗಾಡಿ ಇನ್ನೂ ಹಳೆಯ ಯಜಮಾನನ ಹೆಸರಿನಲ್ಲಿಯೇ ಇರುತ್ತದೆ. ಅದರ ತೆರಿಗೆಯ ನೋಟೀಸು ಅವನ ಮನೆಗೇ ಬರುತ್ತದೆ.