ವೇಳಾಪಟ್ಟಿಯ ಖಾಲಿ ಗಂಟೆ

ಸೇವೆಯಲ್ಲಿದ್ದಷ್ಟು ಕಾಲ ನನ್ನ ದಿನವನ್ನು ಸಭಾಸೂಚನೆ, ಪ್ರವಾಸ, ಕಡತಗಳೇ ನಿರ್ಧರಿಸುತ್ತಿದ್ದವು. ನಿವೃತ್ತಿಯ ನಂತರ ನೆಮ್ಮದಿ ಸಿಕ್ಕೀತೆಂದುಕೊಂಡಿದ್ದೆ, ಸಿಕ್ಕಿದ್ದು ದಿಗಿಲು. ಒಂದು ಬಿಲ್ ಪಾವತಿ ಇಡೀ ಬೆಳಗನ್ನು ನುಂಗುತ್ತಿತ್ತು. ಲಭ್ಯವಿರುವ ಸಮಯವೆಲ್ಲ ತುಂಬುವಂತೆ ಕೆಲಸ ಹಿಗ್ಗುತ್ತದೆಂದು ಪಾರ್ಕಿನ್‌ಸನ್ 1955ರಲ್ಲಿ ಬರೆದದ್ದನ್ನು ಓದಿ ಕಚೇರಿಯಲ್ಲಿ ನಕ್ಕಿದ್ದೆವು. ಅದು ಮನೆಗೂ ಅನ್ವಯಿಸುತ್ತದೆಂದು ತಡವಾಗಿ ತಿಳಿಯಿತು.

ಹಾಗಾಗಿ ಮುಂಜಾನೆ 5ರಿಂದ ರಾತ್ರಿ 10ರವರೆಗೆ ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ವೇಳಾಪಟ್ಟಿ ಬರೆದೆ. ಮೂರನೆಯ ದಿನ, ಓದಿನ ಹೊತ್ತಿನಲ್ಲಿ ವಯೋವೃದ್ಧ ತಾಯಿ ಕರೆದರು. ಸಂದರ್ಶಕರಿಗೆ ಹೇಳುತ್ತಿದ್ದ ದನಿಯಲ್ಲೇ ‘ನಾಲ್ಕು ಗಂಟೆಗೆ ಬರುತ್ತೇನೆ’ ಎಂದೆ. ನಾಲ್ಕಕ್ಕೆ ಹೋದಾಗ, ಏಕೆ ಕರೆದದ್ದೆಂಬುದು ಅವರಿಗೇ ಮರೆತಿತ್ತು.

ದೋಷ ಪಟ್ಟಿಯದಲ್ಲ, ಅದರಲ್ಲಿ ಸಡಿಲವಿಲ್ಲದಿದ್ದುದರದು. ಕೆಲಸಕ್ಕೆ ಹಿಡಿಯುವ ಕಾಲವನ್ನು ಮನುಷ್ಯರು ಕಡಿಮೆ ಅಂದಾಜಿಸುತ್ತಾರೆಂದು ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಗುರುತಿಸಿದ್ದರು. ಸರ್ಕಾರವೇ ಅನಿರೀಕ್ಷಿತ ವೆಚ್ಚಕ್ಕೆಂದು ಸಾದಿಲ್ವಾರು ನಿಧಿ ಇರಿಸಿಕೊಳ್ಳುತ್ತದೆ. ಅರ್ಥಶಾಸ್ತ್ರ ಓದಿದ ನಾನು ಸ್ವಂತ ದಿನಕ್ಕೆ ಬಿಡಿಗಾಸನ್ನೂ ಉಳಿಸಿರಲಿಲ್ಲ.

ಈಗ ದಿನಕ್ಕೆ ಮೂರೇ ಮುಖ್ಯ ಕೆಲಸಗಳು. ಪ್ರತಿಯೊಂದಕ್ಕೂ ಅಂದಾಜಿನ ಒಂದೂವರೆ ಪಟ್ಟು ಸಮಯ. ಬರವಣಿಗೆ ಬೆಳಿಗ್ಗೆ, ಬ್ಯಾಂಕು, ದೂರವಾಣಿ ಮಧ್ಯಾಹ್ನ. ಮಲಗುವ ಮುನ್ನ ನಾಳೆಯದನ್ನು ಕಾಗದಕ್ಕಿಳಿಸುತ್ತೇನೆ. ತಲೆಯಲ್ಲಿ ಹೊತ್ತು ಮಲಗಬೇಕಾಗಿಲ್ಲ. ಮುಗಿಯದ್ದು ಮರುದಿನಕ್ಕೆ ಹೋಗುತ್ತದೆ, ಯಾರೂ ವಿವರಣೆ ಕೇಳುವುದಿಲ್ಲ.

11ರಿಂದ 12ರವರೆಗಿನ ಗೆರೆ ಮಾತ್ರ ಖಾಲಿ. ಆ ಹೊತ್ತಿನಲ್ಲಿ ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ. ತಾಯಿ ಕೆಲವೊಮ್ಮೆ ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತಾರೆ, ಕೆಲವೊಮ್ಮೆ ಸುಮ್ಮನೆ ಬಂದು ಕೂರುತ್ತಾರೆ.