ಟಿಪ್ಪು ಸಿಂಹಾಸನದ ಚಿನ್ನದ ಹುಲಿತಲೆ

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಹುಲಿತಲೆ. ಮೈತುಂಬ ಚಿನ್ನದ ತಗಡು, ಅದರಲ್ಲಿ ಕೂರಿಸಿದ ಕೆಂಪು, ಪಚ್ಚೆ, ವಜ್ರ. ಬಾಯಿ ತೆರೆದಿದೆ, ಕೋರೆಹಲ್ಲು ಕಾಣುತ್ತದೆ. ಇದು ಟಿಪ್ಪು ಸುಲ್ತಾನನ ಸಿಂಹಾಸನದ ಕಟಕಟೆಯ ಮೇಲಿದ್ದ ಎಂಟು ಹುಲಿತಲೆಗಳಲ್ಲಿ ಒಂದು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಕೈಗೆ ಬಿತ್ತು, ಟಿಪ್ಪು ಹೋರಾಡುತ್ತಲೇ ಮಡಿದ. ಲೂಟಿಯನ್ನು ಸೈನ್ಯಕ್ಕೆ ದರ್ಜೆವಾರು ಹಂಚುವುದು ಆಗಿನ ಪದ್ಧತಿ. ಹಂಚಿಕೆಯ ಹೊಣೆ ಹೊತ್ತವರು ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದನ್ನು ಇಡಿಯಾಗಿ ಉಳಿಸಿಕೊಳ್ಳಬೇಕೆಂದಿದ್ದ ಗವರ್ನರ್ ಜನರಲ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಕಾಲ ಮಿಂಚಿತ್ತು. ಮೈಸೂರಿನ ಕುಶಲಕರ್ಮಿಗಳ ಅಪೂರ್ವ ಕೆಲಸವೊಂದು ಹೀಗೆ ಚೂರುಚೂರಾಗಿ ಹೋದದ್ದು ದೊಡ್ಡ ನಷ್ಟ.

ಚೂರುಗಳು ಸಮುದ್ರ ದಾಟಿದವು. ಸಿಂಹಾಸನದ ಮೇಲಿದ್ದ ರತ್ನಖಚಿತ ಹುಮಾ ಹಕ್ಕಿ ಮತ್ತು ಮುಂಭಾಗದ ದೊಡ್ಡ ಹುಲಿತಲೆ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿದವು. ಚಿಕ್ಕ ತಲೆಗಳಲ್ಲೊಂದು ಆಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಕುಟುಂಬದ ಪಾಲಾಗಿ, ಈಗ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದರ ಬೆಲೆಯನ್ನು 2021ರಲ್ಲಿ 15 ಲಕ್ಷ ಪೌಂಡ್ ಎಂದು ಕಟ್ಟಲಾಯಿತು. ಅದು ದೇಶ ಬಿಟ್ಟು ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು.